ಮಕ್ಕಳಿಗೆ ಕಂಪ್ಯೂಟರ್ ತೋರಿಸಿದರೆ ಸಾಲದು, ಕೆಲಸವನ್ನೂ ಕೊಡಬೇಕು

ಹಳ್ಳಿಯ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವ ರೀತಿಯನ್ನು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಶಾಲೆ ತೆರೆದ ಮೊದಲ ವಾರ ಎಂಟು ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ಆ ಕೊಠಡಿಗೆ ನಾ ಮುಂದು ತಾ ಮುಂದು ಎಂದು ನುಗ್ಗುತ್ತಾರೆ. ದಸರಾ ರಜೆ ಬರುವ ಹೊತ್ತಿಗೆ ಅದೇ ಮಕ್ಕಳು ಆಕಳಿಸುತ್ತ ಕಿಟಕಿಯ ಕಡೆ ನೋಡುತ್ತಿರುತ್ತಾರೆ. ಮೇಷ್ಟರು ‘ಈಗಿನ ಮಕ್ಕಳಿಗೆ ಶ್ರದ್ಧೆ ಇಲ್ಲ’ ಎನ್ನುತ್ತಾರೆ. ಮನೆಯಲ್ಲಿ ಹಿರಿಯರು ‘ಸದಾ ಫೋನಿನ ಮೇಲೇ ಕಣ್ಣು, ಪಾಠದ ಮೇಲೆ ಎಲ್ಲಿ ಬರಬೇಕು’ ಎಂದು ಗೊಣಗುತ್ತಾರೆ.

ಆದರೆ ಒಂದು ಮಾತನ್ನು ಯೋಚಿಸಬೇಕು. ಶಾಲೆಯಲ್ಲಿ ಕಂಪ್ಯೂಟರ್ ಮುಂದೆ ಆಕಳಿಸುವ ಹುಡುಗನೇ ರಾತ್ರಿ ಫೋನ್ ಹಿಡಿದು ನಿದ್ದೆಗೆಟ್ಟು ಕೂರುತ್ತಾನೆ. ಅಂದಮೇಲೆ ಅವನಿಗೆ ಯಂತ್ರದ ಮೇಲೆ ಆಸಕ್ತಿ ಇಲ್ಲವೆಂದು ಹೇಳುವಂತಿಲ್ಲ. ಆಸಕ್ತಿ ಇಲ್ಲದಿರುವುದು ನಾವು ಕಲಿಸುವ ಕ್ರಮದಲ್ಲಿ.

ನೇಗಿಲು ಹೊಡೆಯುವುದನ್ನು ನಮ್ಮ ಹಿರಿಯರು ನಮಗೆ ಹೇಗೆ ಕಲಿಸಿದರು? ಈಸು, ಗುಳ, ಮೇಳಿ, ನೊಗ ಎಂದು ಭಾಗಗಳ ಹೆಸರನ್ನು ಹತ್ತು ಸಲ ಬರೆಸಿ ಬಾಯಿಪಾಠ ಒಪ್ಪಿಸಿಕೊಂಡು ಆಮೇಲೆ ಹೊಲಕ್ಕೆ ಕರೆದೊಯ್ದರೇ? ಇಲ್ಲ. ಮೇಳಿ ಕೈಗೆ ಕೊಟ್ಟರು, ಪಕ್ಕದಲ್ಲಿ ನಡೆದರು. ಸಾಲು ಸೊಟ್ಟಗಾದಾಗ ‘ಎತ್ತಿನ ಮುಂದೆ ನೋಡು, ಕಾಲ ಬುಡ ನೋಡಬೇಡ’ ಎಂದರು. ಹೆಸರುಗಳು ಕೆಲಸದ ಜೊತೆಯಲ್ಲಿ ತಾವಾಗಿ ಬಂದವು. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ‘ಕಂಪ್ಯೂಟರ್ ಎಂದರೇನು? ಅದರ ಭಾಗಗಳಾವುವು?’ ಎಂಬ ಪ್ರಶ್ನೋತ್ತರವನ್ನು ನೋಟ್ ಪುಸ್ತಕಕ್ಕೆ ಇಳಿಸುವುದರಲ್ಲೇ ಅರ್ಧ ವರ್ಷ ಕಳೆಯುತ್ತದೆ. ಯಂತ್ರಗಳು ಬಟ್ಟೆ ಹೊದ್ದುಕೊಂಡು ಬೀಗದೊಳಗೆ ಕೂತಿರುತ್ತವೆ.

ರೈತನಿಗೆ ಇದರಿಂದ ಏನಾಗಬೇಕು?

ಈ ವಿಷಯ ಕೃಷಿ ಪುಟದಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಹೋಯಿತು. ಅಂದಿನಿಂದ ರೈತನ ಒಂದೊಂದೇ ಕಾಗದ ಗಣಕಯಂತ್ರದೊಳಕ್ಕೆ ಹೋಗುತ್ತ ಬಂದಿದೆ. ‘ಫ್ರೂಟ್ಸ್’ ನೋಂದಣಿ ಸಂಖ್ಯೆ, ‘ಸಂರಕ್ಷಣೆ’ಯಲ್ಲಿ ಬೆಳೆ ವಿಮೆ, 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಹಣಕ್ಕೆ ಇ-ಕೆವೈಸಿ ಎಲ್ಲವೂ ಅಲ್ಲೇ. ಹೊಲದಲ್ಲಿ ನಿಂತು ಚಿತ್ರ ತೆಗೆದು ತನ್ನ ಬೆಳೆಯನ್ನು ತಾನೇ ದಾಖಲಿಸುವ ಅವಕಾಶ 2020ರ ಮುಂಗಾರಿನಲ್ಲಿ ರೈತನಿಗೆ ದೊರೆಯಿತು. ತೊಗರಿ ಬೆಳೆದ ಹೊಲಕ್ಕೆ ಬೇರೆ ಬೆಳೆ ನಮೂದಾದರೆ ವಿಮೆ, ಬೆಂಬಲ ಬೆಲೆಯ ಖರೀದಿ, ಬರ ನೆರೆಗಳ ಪರಿಹಾರ ಎಲ್ಲಕ್ಕೂ ತೊಡಕು. ಇಂಥ ಕೆಲಸಕ್ಕೆಲ್ಲ ಇನ್ನೊಬ್ಬರ ಬಾಗಿಲಲ್ಲಿ ಸರದಿ ನಿಂತು, ಅವರು ಏನು ತುಂಬಿದರೋ ತಿಳಿಯದೆ ಸಹಿ ಹಾಕಿ ಬರುವವರು ನಮ್ಮಲ್ಲಿ ಎಷ್ಟು ಮಂದಿ ಎಂಬುದು ಈ ವಾಚನಾಲಯದಲ್ಲಿ ಕೂತವರಿಗೆ ಬೇರೆ ಹೇಳಬೇಕಾಗಿಲ್ಲ. ಮನೆಯಲ್ಲಿ ಹದಿನೈದು ವರ್ಷದ ಮಗನೋ ಮಗಳೋ ಇದ್ದೂ ಈ ಸ್ಥಿತಿ ಇದ್ದರೆ ಅದು ಆ ಮಕ್ಕಳ ತಪ್ಪಲ್ಲ.

ಮಕ್ಕಳಿಗೆ ಯಂತ್ರ ಹೊಸದೂ ಅಲ್ಲ. ಗ್ರಾಮಾಂತರ ಶಿಕ್ಷಣವನ್ನು ಕುರಿತ 2024ರ ‘ಅಸರ್’ ಸಮೀಕ್ಷೆ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಫೋನ್ ಬಳಕೆಯ ಬಗ್ಗೆ ಕೇಳಿತು. ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್ ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಅದನ್ನು ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ನೂರಕ್ಕೆ 76. ಅಂದರೆ ಬೆರಳಿಗೆ ಚಳಕ ಬಂದಿದೆ, ಆ ಚಳಕಕ್ಕೆ ತಕ್ಕ ಕೆಲಸ ಸಿಕ್ಕಿಲ್ಲ. ನೀರು ಬಂದಿದೆ, ಕಾಲುವೆ ತೋಡಿಲ್ಲ. ಕಾಲುವೆ ಇಲ್ಲದ ನೀರು ತಗ್ಗು ಇದ್ದ ಕಡೆ ಹರಿಯುವುದು ಸಹಜ.

ಹಿಂದಿನವರು ಕಂಡುಕೊಂಡದ್ದು

ಶಾಲೆಗಳಿಗೆ ಕಂಪ್ಯೂಟರ್ ತರುವ ಯತ್ನ ನಮ್ಮ ದೇಶದಲ್ಲಿ ಇಂದು ನಿನ್ನೆಯದಲ್ಲ. 1984-85ರಲ್ಲೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳನ್ನು ಕೊಟ್ಟಿತ್ತು. ಈ ನಾಲ್ಕು ದಶಕಗಳಲ್ಲಿ ಯಂತ್ರ ಅಗ್ಗವಾಗಿದೆ, ಚುರುಕಾಗಿದೆ. ಪಾಠದ ಕ್ರಮ ಮಾತ್ರ ಅನೇಕ ಕಡೆ ಇದ್ದಲ್ಲೇ ಇದೆ.

ಈ ಕ್ರಮವನ್ನು ಕುರಿತು ಆಳವಾಗಿ ಯೋಚಿಸಿದವರಲ್ಲಿ ಅಮೆರಿಕದ ಸೀಮೋರ್ ಪ್ಯಾಪರ್ಟ್ ಒಬ್ಬರು. ಅವರೂ ಅವರ ಜೊತೆಗಾರರೂ 1967ರಲ್ಲಿ ಮಕ್ಕಳಿಗಾಗಿ ‘ಲೋಗೊ’ ಎಂಬ ಗಣಕಭಾಷೆಯನ್ನು ಕಟ್ಟಿದರು. ಅದರಲ್ಲಿ ಒಂದು ಆಮೆ ಇರುತ್ತದೆ. ಮುಂದೆ ಇಷ್ಟು ಹೆಜ್ಜೆ, ಬಲಕ್ಕೆ ಇಷ್ಟು ತಿರುಗು ಎಂದು ಮಗು ಅಪ್ಪಣೆ ಕೊಟ್ಟರೆ ಆಮೆ ಗೆರೆ ಎಳೆಯುತ್ತ ಹೋಗುತ್ತದೆ. ಮುಂದೆ ನೂರು ಹೆಜ್ಜೆ, ಬಲಕ್ಕೆ ತೊಂಬತ್ತು ಡಿಗ್ರಿ ಎಂದು ನಾಲ್ಕು ಸಲ ಹೇಳಿದರೆ ಒಂದು ಚೌಕ. ಅಪ್ಪಣೆ ತಪ್ಪಿದರೆ ಗೆರೆ ಬೇರೆಡೆಗೆ ಹೋಗುತ್ತದೆ. ಆಗ ಯಾರೂ ಬೈಯಬೇಕಾಗಿಲ್ಲ, ತಪ್ಪು ಎಲ್ಲಾಯಿತೆಂದು ಮಗುವೇ ಹುಡುಕುತ್ತದೆ. ಯಂತ್ರ ಮಗುವಿಗೆ ಪಾಠ ಹೇಳುವುದಲ್ಲ, ಮಗು ಯಂತ್ರಕ್ಕೆ ಕಲಿಸಬೇಕು ಎಂಬುದು ಅವರ ತತ್ವ.

ನಮ್ಮ ದೇಶದಲ್ಲಿ 1999ರಲ್ಲಿ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಂಡಿ ಕೊರೆದು ಕಂಪ್ಯೂಟರ್ ಕೂರಿಸಿದರು. ಗುಡಿಸಲುಗಳ ಮಕ್ಕಳು ಮೇಷ್ಟರಿಲ್ಲದೆ, ಗುಂಪುಗೂಡಿ, ಒಬ್ಬರಿಂದೊಬ್ಬರು ನೋಡಿ ಅದನ್ನು ನಡೆಸುವುದನ್ನು ಕಲಿತರು. ಲೋಕವೆಲ್ಲ ಇದನ್ನು ಕೊಂಡಾಡಿತು. ಆದರೆ ಅಲ್ಲಿಗೆ ಹೋಗಿ ನೋಡಿದ ಮಾರ್ಕ್ ವಾರ್ಷಾವರ್ ಎಂಬ ವಿದ್ವಾಂಸರು ಇನ್ನೊಂದು ಮುಖವನ್ನೂ ಬರೆದರು. ಮಕ್ಕಳ ಹೆಚ್ಚಿನ ಸಮಯ ಆಟದಲ್ಲಿ, ಚಿತ್ರ ಗೀಚುವುದರಲ್ಲಿ ಹೋಗುತ್ತಿತ್ತು. ಅವರ ನುಡಿಯಲ್ಲಿ ಓದಲು ಏನೂ ಇರಲಿಲ್ಲ. ತಂದೆ ತಾಯಂದಿರಿಗೂ ಅದರ ಬಗ್ಗೆ ಅನುಮಾನವಿತ್ತು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಬೇಕಾದ ಪಾಠ ಸಿಗುತ್ತದೆ. ಮಕ್ಕಳು ಒಬ್ಬರಿಂದೊಬ್ಬರು ಬೇಗ ಕಲಿಯುತ್ತಾರೆ, ನಿಜ. ಆದರೆ ದಾರಿ ತೋರುವ ಹಿರಿಯರು, ತಾಯಿನುಡಿ, ಕೈಗೊಂದು ಗುರಿಯಿರುವ ಕೆಲಸ, ಈ ಮೂರೂ ಇಲ್ಲದಿದ್ದರೆ ಆ ಕಲಿಕೆ ಬೇರು ಬಿಡುವುದಿಲ್ಲ.

ಎಂಥ ಕೆಲಸ ಕೊಡಬೇಕು?

ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ಹಿರಿಯರು ಹೇಳಿದ್ದಾರೆ. ಆ ವಯಸ್ಸಿನವರಿಗೆ ಚಿಕ್ಕ ಮಕ್ಕಳಂತೆ ನಡೆಸಿಕೊಂಡರೆ ಸಿಟ್ಟು, ನಾಲ್ವರೆದುರು ನಗೆಪಾಟಲು ಮಾಡಿದರೆ ಜೀವಮಾನದ ಹಗೆ. ‘ಈ ಕೆಲಸ ನಿನ್ನಿಂದ ಆಗಬೇಕು’ ಎಂದರೆ ಮಾತ್ರ ಹೆಗಲು ಕೊಡುತ್ತಾರೆ. ಆದ್ದರಿಂದ ಕೊಡುವ ಕೆಲಸ ಪುಸ್ತಕದ ಅಭ್ಯಾಸವಾಗಿರದೆ, ಮನೆಗೆ ಇಲ್ಲವೆ ಊರಿಗೆ ನಿಜವಾಗಿ ಬೇಕಾದದ್ದಾಗಿರಬೇಕು. ಕೆಲವು ಉದಾಹರಣೆಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು ಹಾಲಿನ ಲೆಕ್ಕ. ಡೇರಿಗೆ ಹಾಕಿದ ಹಾಲಿನ ಲೀಟರು, ಜಿಡ್ಡಿನ ಅಂಶ, ಸಿಕ್ಕ ದರ ಇವನ್ನು ದಿನವೂ ಮೂರು ಅಂಕಣಗಳಲ್ಲಿ ತುಂಬಲಿ. ಹಿಂಡಿ, ಬೂಸಾ, ಮೇವು, ಔಷಧಿಯ ಖರ್ಚು ಇನ್ನೊಂದು ಕಡೆ ಇರಲಿ. ಕೂಡುವ ಕಳೆಯುವ ಕೆಲಸವನ್ನು ಯಂತ್ರಕ್ಕೆ ಹೇಗೆ ಒಪ್ಪಿಸಬೇಕೆಂಬುದನ್ನು ಹೇಳಿಕೊಟ್ಟರೆ ಸಾಕು. ತಿಂಗಳ ಕೊನೆಗೆ ‘ಅಪ್ಪಾ, ನಮ್ಮ ಎರಡು ಹಸುಗಳಲ್ಲಿ ಒಂದು ತನ್ನ ಹಿಂಡಿಯ ದುಡ್ಡನ್ನೂ ದುಡಿಯುತ್ತಿಲ್ಲ’ ಎಂದು ಮಗಳು ಹೇಳಿದರೆ, ಆ ಮನೆಯಲ್ಲಿ ಕಂಪ್ಯೂಟರ್ ಪಾಠ ಫಲ ಕೊಟ್ಟಿತೆಂದು ತಿಳಿಯಬೇಕು. ಇದಕ್ಕೆ ಬೇಕಾದ ‘ಲಿಬ್ರೆ ಆಫೀಸ್’ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ಎರಡನೆಯದು ತೋಟದ ನಕ್ಷೆ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರ ಅಡಿ. ಉದ್ದ 330 ಅಡಿ, ಅಗಲ 132 ಅಡಿ ಇರುವ ಎಕರೆ ಹೊಲವನ್ನು ಮಕ್ಕಳು ಲೋಗೊ ಆಮೆಯಿಂದ ಬರೆಯಲಿ. ಅದರಲ್ಲಿ ಒಂದೊಂದು ಗಿಡಕ್ಕೆ 30 ಅಡಿಯ ಚೌಕ ಕೊಟ್ಟು ತೆಂಗು ಕೂರಿಸಿದರೆ 11 ಸಾಲು, ಸಾಲಿಗೆ 4 ಗಿಡ, ಒಟ್ಟು 44 ಗಿಡ ಹಿಡಿಯುತ್ತವೆ. ಚೌಕವನ್ನು 26 ಅಡಿಗೆ ಇಳಿಸಿದರೆ 12 ಸಾಲು, ಸಾಲಿಗೆ 5, ಒಟ್ಟು 60 ಗಿಡ. ನಾಲ್ಕು ಅಡಿ ಅಂತರದಲ್ಲಿ ಹದಿನಾರು ಗಿಡಗಳ ವ್ಯತ್ಯಾಸ! ಇದನ್ನು ತೆರೆಯ ಮೇಲೆ ಕಂಡ ಹುಡುಗ ಅಪ್ಪನನ್ನು ಕರೆದು ತೋರಿಸದೆ ಇರಲಾರ. ಅಪ್ಪನೋ ‘ಅಂತರ ತಗ್ಗಿಸಿದರೆ ನಡುವೆ ಎಡೆಬೆಳೆಗೆ ಬಿಸಿಲೆಲ್ಲಿ, ನಮ್ಮ ಕೊಳವೆ ಬಾವಿಯ ನೀರು ಅರವತ್ತು ಗಿಡಕ್ಕೆ ಸಾಕೇ’ ಎಂದು ಕೇಳುತ್ತಾನೆ. ಹುಡುಗ ಮತ್ತೆ ಲೆಕ್ಕಕ್ಕೆ ಕೂರುತ್ತಾನೆ. ಹೀಗೆ ಯಂತ್ರದ ತಿಳಿವಳಿಕೆಯೂ ಹೊಲದ ಅನುಭವವೂ ಎದುರುಬದುರು ಕೂತು ಮಾತಾಡಬೇಕು.

ಮೂರನೆಯದು ಮಳೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು, ಬಿದ್ದ ಮಳೆಯನ್ನು ದಿನವೂ ದಾಖಲಿಸಿ ನಕ್ಷೆ ಬರೆಯಲಿ. ಹತ್ತು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಯ ಮೇಲೆ ಸುಮಾರು 40 ಸಾವಿರ ಲೀಟರ್ ನೀರು ಸುರಿದಂತೆ. ಈ ಲೆಕ್ಕವನ್ನು ಮಕ್ಕಳೇ ಮಾಡಿ ತೋರಿಸಿದರೆ ಕೃಷಿ ಹೊಂಡದ ಮಾತು ಭಾಷಣವಿಲ್ಲದೆ ಮನಸ್ಸಿಗೆ ಹತ್ತುತ್ತದೆ.

ನಾಲ್ಕನೆಯದು ಪೇಟೆ ಧಾರಣೆ. ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ರಾಜ್ಯದ ಎಪಿಎಂಸಿ ಮಾರುಕಟ್ಟೆಗಳ ದರ ಸಿಗುತ್ತದೆ. ಊರಿನ ಮುಖ್ಯ ಬೆಳೆ ಕೊಬ್ಬರಿಯಾದರೆ ತಿಪಟೂರು, ಮೆಣಸಿನಕಾಯಿಯಾದರೆ ಬ್ಯಾಡಗಿ, ತೊಗರಿಯಾದರೆ ಕಲಬುರಗಿ, ಹೀಗೆ ದೊಡ್ಡ ಮಾರುಕಟ್ಟೆಯ ದರದ ಪಕ್ಕದಲ್ಲಿ ಹತ್ತಿರದ ಪೇಟೆಯ ದರವನ್ನು ಬರೆದು, ವಾರಕ್ಕೊಮ್ಮೆ ಅಚ್ಚು ಹಾಕಿ ವಾಚನಾಲಯದ ಗೋಡೆಗೆ ಅಂಟಿಸುವ ಹೊಣೆಯನ್ನು ನಾಲ್ಕು ಮಕ್ಕಳಿಗೆ ವಹಿಸಿ. ಊರ ಹಿರಿಯರು ನಿಂತು ಓದುವುದನ್ನು ಕಂಡ ಮೇಲೆ ಆ ಮಕ್ಕಳಿಗೆ ಬೇರೆ ಬಹುಮಾನ ಬೇಕಾಗುವುದಿಲ್ಲ.

ಐದನೆಯದು ಕನ್ನಡ ಬೆರಳಚ್ಚು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡದ ಎಲ್ಲ ಅಕ್ಷರಗಳೂ ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗುತ್ತವೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದೇ ವಿನ್ಯಾಸದ್ದು. ದಿನಕ್ಕೆ ಅರ್ಧ ಗಂಟೆ ಕೂತರೆ ಒಂದೆರಡು ತಿಂಗಳಲ್ಲಿ ಕೈ ಕೂರುತ್ತದೆ. ಬರೆಯಲು ಪಠ್ಯಪುಸ್ತಕವೇ ಬೇಕೆಂದಿಲ್ಲ. ಅಜ್ಜಿ ಬಿತ್ತನೆ ಕಾಳಿಗೆ ಬೂದಿ ಬೆರೆಸಿ ಕಾಪಾಡುತ್ತಿದ್ದ ಬಗೆ, ಕುಡಿಯುವ ನೀರಿನ ಬಗ್ಗೆ ಪಂಚಾಯಿತಿಗೆ ಕೊಡಬೇಕಾದ ಅರ್ಜಿ, ಮಹಿಳಾ ಸಂಘದ ಸಭೆಯ ನಡಾವಳಿ, ಎಲ್ಲವೂ ಬರೆಯುವ ವಿಷಯವೇ. ಇಂಗ್ಲಿಷ್ ಬಾರದೆಂದು ಕಂಪ್ಯೂಟರಿಗೆ ಹೆದರುವ ಮಕ್ಕಳ ಭಯವೂ ಇದರಿಂದ ಬಿಡುತ್ತದೆ.

ಒಂದು ಗಂಟೆಯ ಪಾಠ ಹೀಗಿರಲಿ

ಕಲಿಸುವ ಮೇಷ್ಟರಿಗೆ, ಗ್ರಂಥಾಲಯದ ಮೇಲ್ವಿಚಾರಕರಿಗೆ ಕೆಲವು ಸೂಚನೆಗಳು. ಗಂಟೆಯ ಮೊದಲ ಹತ್ತು ನಿಮಿಷ ಮಾತ್ರ ಹೇಳಿ ತೋರಿಸಿ. ಮುಂದಿನ ನಲವತ್ತು ನಿಮಿಷ ಮಕ್ಕಳು ಮಾಡಲಿ. ಕೊನೆಯ ಹತ್ತು ನಿಮಿಷ ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸಲಿ. ಚಿಕ್ಕದಾದರೂ ಸರಿ, ಪ್ರತಿ ಪಾಠದ ಕೊನೆಗೆ ಒಂದು ಕೆಲಸ ಮುಗಿದಿರಬೇಕು. ಅರ್ಧಕ್ಕೆ ಬಿಟ್ಟದ್ದನ್ನು ಮುಂದಿನ ವಾರ ಮುಂದುವರಿಸುವ ಉತ್ಸಾಹ ಈ ವಯಸ್ಸಿನಲ್ಲಿ ಉಳಿಯುವುದಿಲ್ಲ.

ಮೂವತ್ತು ಮಕ್ಕಳು, ಐದೇ ಯಂತ್ರ ಎಂಬುದು ಸಾಮಾನ್ಯ ದೂರು. ಹತ್ತು ಹತ್ತರ ಮೂರು ತಂಡ ಮಾಡಿ. ಒಂದು ತಂಡ ಯಂತ್ರದ ಮುಂದೆ ಇಬ್ಬಿಬ್ಬರಂತೆ ಕೂರಲಿ. ಇನ್ನೊಂದು ತಂಡ ಮುಂದಿನ ಕೆಲಸವನ್ನು ಕಾಗದದ ಮೇಲೆ ಯೋಜಿಸಲಿ. ಮೂರನೆಯದು ಹೊರಗೆ ಹೋಗಿ ಅಂಗಳ ಅಳೆದು, ಮಳೆ ನೋಡಿ, ದರ ವಿಚಾರಿಸಿ ಮಾಹಿತಿ ತರಲಿ. ಮುಂದಿನ ಪಾಠಕ್ಕೆ ತಂಡಗಳು ಸ್ಥಾನ ಬದಲಿಸಲಿ. ವಿದ್ಯುತ್ ಹೋದ ದಿನವೂ ಪಾಠ ನಿಲ್ಲುವುದಿಲ್ಲ. ಜೋಡಿಯಲ್ಲಿ ಕೂತವರು ಹತ್ತು ನಿಮಿಷಕ್ಕೊಮ್ಮೆ ಕೀಲಿಮಣೆಯನ್ನು ಅದಲುಬದಲು ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಬಲ್ಲವನು ಬೆಳೆಯುತ್ತಾನೆ, ಬಾರದವನು ನೋಡುತ್ತ ಕೂರುತ್ತಾನೆ.

ಮಗು ತಡವರಿಸಿದಾಗ ಅದರ ಕೈಯಿಂದ ಮೌಸನ್ನು ಕಿತ್ತುಕೊಂಡು ನೀವೇ ಮಾಡಿಬಿಡಬೇಡಿ. ಬಾಯಲ್ಲಿ ಹೇಳಿ, ಕೈ ಮಗುವಿನದೇ ಇರಲಿ. ಬೇಗ ಮುಗಿಸಿದ ಚುರುಕು ಹುಡುಗರಿಗೆ ಇನ್ನೊಬ್ಬರಿಗೆ ಹೇಳಿಕೊಡುವ ಕೆಲಸ ಒಪ್ಪಿಸಿ. ತಮಗಿಂತ ಹೆಚ್ಚು ಬಲ್ಲ ವಿದ್ಯಾರ್ಥಿಯನ್ನು ಕಂಡು ಮೇಷ್ಟರು ಮುಜುಗರಪಡಬೇಕಾಗಿಲ್ಲ. ಒಳ್ಳೆಯ ಎತ್ತನ್ನು ಬಲಕ್ಕೆ ಕಟ್ಟಿದರೆ ಉಳುಮೆ ಹಗುರವಾಗುತ್ತದೆ.

ಆಟ ಆಡುತ್ತಾರೆಂಬ ಭಯವೂ ಉಂಟು. ಆಟವನ್ನು ಪೂರ್ತಿ ನಿಷೇಧಿಸಿದರೆ ಬೆನ್ನ ಹಿಂದೆ ಆಡುತ್ತಾರೆ. ಆಡುವ ಬದಲು ಆಟವನ್ನು ಕಟ್ಟುವುದಕ್ಕೆ ಹಚ್ಚಿ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಎಂಬ ಉಚಿತ ತಂತ್ರಾಂಶದಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿ ಮಕ್ಕಳೇ ಆಟ, ಕತೆ ಕಟ್ಟಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನು ಓಡಿಸುವ ಆಟವನ್ನು ಕಟ್ಟಲು ಹೇಳಿ ನೋಡಿ, ಬೇಡವೆಂದರೂ ಎದ್ದುಹೋಗುವುದಿಲ್ಲ.

ಹೆಣ್ಣುಮಕ್ಕಳ ಪಾಲು

ಮೇಲೆ ಹೇಳಿದ 2024ರ ಸಮೀಕ್ಷೆಯಲ್ಲೇ ಇನ್ನೊಂದು ಸಂಗತಿ ಇದೆ. ಫೋನ್ ಬಳಸಲು ಬಲ್ಲ ಹುಡುಗರಲ್ಲಿ ನೂರಕ್ಕೆ 36 ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಅದು 27 ಮಾತ್ರ. ಮನೆಯಲ್ಲಿ ಫೋನ್ ಅಣ್ಣನ ಕೈಯಲ್ಲಿ, ಶಾಲೆಯಲ್ಲಿ ಕೀಲಿಮಣೆ ಹುಡುಗರ ಕೈಯಲ್ಲಿ, ಸಂಜೆ ಗ್ರಂಥಾಲಯಕ್ಕೆ ಹೋಗಲು ಅಪ್ಪಣೆ ಇಲ್ಲ ಎಂದಾದರೆ ಆ ಮಗು ಕಲಿಯುವುದೆಲ್ಲಿ? ಹಾಲಿನ ಲೆಕ್ಕ, ಸಂಘದ ಲೆಕ್ಕ, ಮನೆಯ ಖರ್ಚು ನೋಡಿಕೊಳ್ಳುವವರು ಬಹುಪಾಲು ಹೆಂಗಸರೇ. ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಮೂರು ದಿನ, ಬೆಳಕಿರುವಾಗಲೇ, ಹೆಣ್ಣುಮಕ್ಕಳಿಗೆಂದೇ ಹೊತ್ತು ಗೊತ್ತುಮಾಡಬೇಕು. ಯಂತ್ರದ ಪಾಲು ಬೇಡಿ ಪಡೆಯುವ ಸ್ಥಿತಿ ಅವರಿಗೆ ಬರಬಾರದು.

ತಂದೆ ತಾಯಂದಿರಿಗೆ ಎರಡು ಮಾತು

ಮಕ್ಕಳು ಕಲಿತದ್ದನ್ನು ಮನೆಯಲ್ಲಿ ಬಳಸಿಕೊಳ್ಳಿ. ಬೆಳೆ ಸಮೀಕ್ಷೆಯ ದಿನ ಮಗಳನ್ನು ಹೊಲಕ್ಕೆ ಕರೆದೊಯ್ಯಿರಿ. ಸರ್ವೆ ನಂಬರು, ಗಡಿ, ಬೆಳೆ ಇವನ್ನು ನೀವು ಹೇಳಿ, ದಾಖಲಿಸುವ ಕೆಲಸ ಅವಳದಾಗಲಿ. ಕಳಿಸುವ ಮೊದಲು ಒಮ್ಮೆ ಓದಿ ಹೇಳಿಸಿಕೊಳ್ಳಿ. ಪಹಣಿಯನ್ನು ತೆರೆದು ಹೆಸರು, ವಿಸ್ತೀರ್ಣ, ಬೆಳೆ ಸರಿಯಾಗಿದೆಯೇ ನೋಡಲು ಹೇಳಿ. ಹಾಗೆಂದು ಮಕ್ಕಳನ್ನು ಇಡೀ ಕೇರಿಯ ಗುಮಾಸ್ತರನ್ನಾಗಿ ಮಾಡಿ ಓದು ಕೆಡಿಸುವುದೂ ಬೇಡ.

ಎಚ್ಚರಿಕೆಯನ್ನೂ ಜೊತೆಗೇ ಕಲಿಸಬೇಕು. ಬ್ಯಾಂಕಿನ ಒಟಿಪಿ, ಗುಟ್ಟಿನ ಸಂಖ್ಯೆಗಳನ್ನು ಯಾರು ಕೇಳಿದರೂ ಹೇಳಬಾರದು, ಗೊತ್ತಿಲ್ಲದ ಕೊಂಡಿಗಳನ್ನು ಒತ್ತಬಾರದು. ಮೋಸವಾಯಿತೆಂದು ತಿಳಿದ ಕೂಡಲೆ 1930 ಸಂಖ್ಯೆಗೆ ಕರೆ ಮಾಡಬೇಕು. ಮಕ್ಕಳು ತಪ್ಪು ಮಾಡಿದಾಗ ಬಂದು ಹೇಳುವಷ್ಟು ಸಲುಗೆ ಮನೆಯಲ್ಲಿರಬೇಕು. ಹೊಡೆತಕ್ಕೆ ಹೆದರಿ ಮುಚ್ಚಿಟ್ಟರೆ ಹೋಗುವುದು ನಿಮ್ಮ ದುಡ್ಡೇ.

ಕೇಳಿದ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವ ಯಂತ್ರಗಳೂ ಈಗ ಬಂದಿವೆ. ತಪ್ಪನ್ನೂ ಅವು ಸರಿಯೆಂಬಂತೆ ಹೇಳಿಬಿಡುತ್ತವೆ. ಬೆಳೆಗೆ ಬಿದ್ದ ಹುಳದ ಬಗ್ಗೆ ಯಂತ್ರ ಏನು ಹೇಳಿತು, ರೈತ ಸಂಪರ್ಕ ಕೇಂದ್ರದವರು ಏನು ಹೇಳಿದರು, ಎಲೆ ಮಗುಚಿ ನೋಡಿದಾಗ ಕಂಡದ್ದೇನು ಎಂದು ಮೂರನ್ನೂ ತಾಳೆ ಹಾಕುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿದರೆ ಅದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಊರು ಮಾಡಬೇಕಾದದ್ದು

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಮರು ವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ‘ಅರಿವು ಕೇಂದ್ರ’ವೆಂಬ ಹೆಸರು ಹೊತ್ತ ಅನೇಕ ಗ್ರಂಥಾಲಯಗಳಿಗೆ ಕಂಪ್ಯೂಟರ್ ಬಂದಿವೆ. ನಿಮ್ಮೂರಿನಲ್ಲಿ ಅವು ಎಷ್ಟು, ನಡೆಯುವ ಸ್ಥಿತಿಯಲ್ಲಿರುವುದು ಎಷ್ಟು, ಮಕ್ಕಳು ಅದನ್ನು ಮುಟ್ಟುವುದು ವಾರಕ್ಕೆ ಎಷ್ಟು ಗಂಟೆ? ಈ ಮೂರು ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು ಶಾಲೆಯ ಯಂತ್ರಗಳ ಬಗ್ಗೆಯೂ ಹೀಗೇ ಕೇಳಲಿ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಿಸಲು ಹಣವಿಲ್ಲವೆಂಬ ಉತ್ತರ ಬಂದರೆ, ಆ ಕಾರಣವನ್ನು ನಡಾವಳಿಯಲ್ಲಿ ಬರೆಸಿ. ಓದು ಮುಗಿಸಿ ಊರಲ್ಲೇ ಇರುವ ಯುವಕ ಯುವತಿಯರು ವಾರಕ್ಕೆ ಎರಡು ಸಂಜೆ ಬಿಡುವು ಮಾಡಿಕೊಂಡರೆ ಕಲಿಸುವವರ ಕೊರತೆಯೂ ಅರ್ಧ ನೀಗುತ್ತದೆ.

‘ಕಂಪ್ಯೂಟರ್ ಕಲಿತರೆ ಮಗ ಊರು ಬಿಟ್ಟು ಹೋಗುತ್ತಾನೆ’ ಎಂಬ ಅಳುಕು ಕೆಲವರಿಗಿದೆ. ಹೋಗುವವರು ಕಲಿಯದಿದ್ದರೂ ಹೋಗುತ್ತಿದ್ದಾರೆ, ಹೋಗಿ ಕಡಿಮೆ ಕೂಲಿಗೆ ದುಡಿಯುತ್ತಿದ್ದಾರೆ. ಕಲಿತು ಹೋದವನು ಒಳ್ಳೆಯ ಕೆಲಸ ಹಿಡಿಯುತ್ತಾನೆ. ಕಲಿತು ಉಳಿದವನು ಲೆಕ್ಕ ಬಲ್ಲ ರೈತನಾಗುತ್ತಾನೆ. ಎರಡರಲ್ಲೂ ನಷ್ಟವಿಲ್ಲ.

ಬಿತ್ತನೆಗೆ ಹದ ಇರುವಂತೆ ಕಲಿಕೆಗೂ ಹದ ಉಂಟು. ಹದಿಮೂರರಿಂದ ಹದಿನೇಳರವರೆಗಿನ ನಾಲ್ಕೈದು ವರ್ಷ ಆ ಹದದ ಕಾಲ. ಈ ವಾರವೇ ಮನೆಯ ಒಂದು ಲೆಕ್ಕವನ್ನು ಮಗನಿಗೋ ಮಗಳಿಗೋ ಒಪ್ಪಿಸಿ, ತಿಂಗಳಾದ ಮೇಲೆ ಜೊತೆಯಲ್ಲಿ ಕೂತು ನೋಡಿ. ಉಳಿದದ್ದನ್ನು ಮಕ್ಕಳೇ ಮುಂದುವರಿಸುತ್ತಾರೆ.